ಚಿಕ್ಕಪ್ಪನ ಲಿವರು, 9 ಗೇರಿನ ಕ್ಯಾಸೆಟ್ಟು: ಒಂದು ಸೈಕಲ್ಲಿನ ಪ್ರಕರಣ

ಬಲಗಡೆ ಲಿವರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಸವೆದು ನುಣ್ಣಗಾಗಿದೆ. ಚಿಕ್ಕಪ್ಪನ ಹೆಬ್ಬೆರಳು ವರ್ಷಗಟ್ಟಲೆ ತಾಗಿ ಆದ ಗುರುತು. ಎಡಗಡೆಯ ಲಿವರಿಗೆ ಇನ್ನೂ ಹೊಳಪಿದೆ. ಮುಂದಿನ ಗೇರನ್ನು ಅವರು ಅಷ್ಟಾಗಿ ಬದಲಾಯಿಸುತ್ತಿರಲಿಲ್ಲ.

1983ರಲ್ಲಿ ಅಮೆರಿಕದಲ್ಲಿ ಓದು ಮುಗಿಸಿ ವಾಪಸ್ ಬರುವಾಗ ಅವರು ಈ ಸೈಕಲ್ಲನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ತಂದರು. ಜಪಾನಿನ ಸ್ಟೀಲ್ ಫ್ರೇಮು. ಮುಂದೆ 2, ಹಿಂದೆ 6 ಹಲ್ಲುಚಕ್ರ. ಗೇರಿನ ಸಾಮಾನೆಲ್ಲ ಸನ್‌ಟೂರ್ ಅನ್ನುವ ಜಪಾನಿ ಕಂಪನಿಯದು. ಗೇರ್ ಲಿವರುಗಳು ಹ್ಯಾಂಡಲ್ಲಿನ ಮೇಲಲ್ಲ, ಫ್ರೇಮಿನ ಇಳಿಜಾರು ಕೊಳವೆಯ ಎರಡೂ ಪಕ್ಕ ಇವೆ. ಹದಿನೈದು ವರ್ಷ ಮೈಸೂರಿನ ರಸ್ತೆಯಲ್ಲಿ ಓಡಿದ ಮೇಲೆ ಹಿತ್ತಿಲ ಕೋಣೆ ಸೇರಿತು. ನಾನು ಹೊರಗೆ ತೆಗೆದಾಗ ಹಿಂದಿನ ಫ್ರೀವ್ಹೀಲ್, ಅಂದರೆ ಆ 6 ಹಲ್ಲುಚಕ್ರಗಳ ಗೊಂಚಲು, ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. 27 ಇಂಚಿನ ಹಿಂದಿನ ರಿಮ್ಮು ಸೊಟ್ಟಗಾಗಿತ್ತು. ಫ್ರೇಮು ಮಾತ್ರ ಗಟ್ಟಿ. ಲಿವರುಗಳೂ ಗಟ್ಟಿ.

ನನಗೆ ಬೇಕಾದದ್ದು ಇಷ್ಟು. ಇದೇ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಬೇಕು. ಅದಕ್ಕೆ ಇವತ್ತು ಅಂಗಡಿಯಲ್ಲಿ ಸಿಗುವ ಚೈನು ಮತ್ತು ಕ್ಯಾಸೆಟ್ಟು, ಅಂದರೆ ಹಿಂದಿನ 9 ಹಲ್ಲುಚಕ್ರಗಳ ಗೊಂಚಲು, ಹಾಕಬೇಕು. ಆದರೆ ಆ ಎರಡು ಲಿವರು ಇದ್ದಲ್ಲೇ ಇರಬೇಕು.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "6 ಗೇರಿನ ಲಿವರು 9 ಗೇರಿಗೆ ಹೇಗೆ ಆಗುತ್ತೆ? ತೆಗೆದುಹಾಕಿ." ಕೇಳಿದರೆ ಸರಿ ಅನಿಸುತ್ತೆ ಅಲ್ವಾ? ಆದರೆ ಈ ಲಿವರಿಗೆ 6 ಅಂದರೇನು, 9 ಅಂದರೇನು, ಎರಡೂ ಗೊತ್ತಿಲ್ಲ. ಇಡೀ ಪ್ರಕರಣ ನಿಂತಿರುವುದು ಇದೊಂದರ ಮೇಲೆ.

ಈಗಿನ ಗೇರ್ ಲಿವರನ್ನು ಒತ್ತಿದರೆ 'ಟಕ್' ಅನ್ನುತ್ತದೆ, ಒಂದು ಗೇರು ಬದಲಾಗುತ್ತದೆ. ಆ ಒಂದು ಟಕ್ಕಿಗೆ ಎಷ್ಟು ಕೇಬಲ್ ಎಳೆಯಬೇಕು ಅನ್ನುವುದು ಲಿವರಿನ ಒಳಗೇ ನಿಗದಿಯಾಗಿರುತ್ತದೆ. ಶಿಮಾನೊ ಕಂಪನಿ 1984ರಲ್ಲಿ ತನ್ನ ಡ್ಯುರಾ-ಏಸ್ ಸಾಮಾನಿನಲ್ಲಿ ಈ ಪದ್ಧತಿ ತಂದಿತು, ಆಗಲೂ ಹಿಂದೆ ಇದ್ದದ್ದು 6 ಹಲ್ಲುಚಕ್ರ. ಅದಕ್ಕೂ ಮೊದಲಿನ ಹೆಚ್ಚಿನ ಲಿವರುಗಳಲ್ಲಿ ಟಕ್ ಇರಲಿಲ್ಲ. ಎಷ್ಟು ತಿರುಗಿಸುತ್ತೀರೋ ಅಷ್ಟು ಕೇಬಲ್ ಬರುತ್ತದೆ. ಬಿಟ್ಟಲ್ಲಿ ನಿಲ್ಲುತ್ತದೆ, ಯಾಕೆಂದರೆ ಒಳಗಿನ ವಾಷರುಗಳ ಉಜ್ಜಾಟ ಅದನ್ನು ಹಿಡಿದಿಟ್ಟಿರುತ್ತದೆ. ಗೇರು ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವುದು ಓಡಿಸುವವರ ಕಿವಿ ಮತ್ತು ಬೆರಳು.

ನಮ್ಮ ಸೈಕಲ್ಲಿನದು ಸನ್‌ಟೂರಿನ ಪವರ್ ರ‍್ಯಾಚೆಟ್ ಲಿವರು. ತಿರುಗಿಸಿದರೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಸಣ್ಣಗೆ ಕಿರ್ ಕಿರ್ ಅನ್ನುತ್ತದೆ. ಬಹಳ ಜನ ಈ ಸದ್ದು ಕೇಳಿ ಇವೇ ಗೇರಿನ ಮೆಟ್ಟಿಲು ಅಂದುಕೊಳ್ಳುತ್ತಾರೆ. ಅಲ್ಲ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ ಡಿರೈಲರ್ ಅನ್ನುತ್ತಾರೆ. ಅದರ ಸ್ಪ್ರಿಂಗು ಯಾವಾಗಲೂ ಕೇಬಲನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಬರೀ ವಾಷರಿನ ಲಿವರಿನಲ್ಲಿ ಎಳೆಯುವಾಗ ಆ ಸ್ಪ್ರಿಂಗನ್ನೂ ಗೆಲ್ಲಬೇಕು, ವಾಷರಿನ ಬಿಗಿಯನ್ನೂ ಗೆಲ್ಲಬೇಕು. ರ‍್ಯಾಚೆಟ್ ಇದ್ದರೆ ಎಳೆಯುವಾಗ ವಾಷರಿನ ಬಿಗಿ ಅಡ್ಡ ಬರುವುದಿಲ್ಲ, ಬಿಡುವಾಗ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಎರಡೂ ಕಡೆಗೆ ಹೆಚ್ಚುಕಮ್ಮಿ ಒಂದೇ ಹದ. ಇದು ಅದ್ಭುತವಾದ ಯೋಚನೆ ಅಂತ ನನಗೆ ಈಗಲೂ ಅನಿಸುತ್ತದೆ. ಡಯಾ-ಕಾಂಪೆ ಕಂಪನಿ ಇದೇ ತತ್ವದ ಲಿವರುಗಳನ್ನು ಇವತ್ತಿಗೂ ಮಾಡುತ್ತಿದೆ.

ಹಾಗಾದರೆ ಯಾವ ಕ್ಯಾಸೆಟ್ಟು ಬೇಕಾದರೂ ಹಾಕಬಹುದಾ? ಇಲ್ಲ. ನಾನು ಎಡವಿದ್ದು ಇಲ್ಲೇ.

ಮೊದಲು ಹಳೆಯ ಡಿರೈಲರನ್ನೇ ಇಟ್ಟು ನೋಡಿದೆ. ಹಿಂದಿನ 6 ಹಲ್ಲುಚಕ್ರಗಳ ನಡುವೆ ಒಂದರಿಂದ ಒಂದಕ್ಕೆ 5.5 ಮಿ.ಮೀ. ದೂರ. 6 ಚಕ್ರಕ್ಕೆ 5 ದಾಟು, ಅಂದರೆ ಒಟ್ಟು 27.5 ಮಿ.ಮೀ. ಈಗಿನ 9ರ ಕ್ಯಾಸೆಟ್ಟಿನಲ್ಲಿ ದೂರ 4.35 ಮಿ.ಮೀ.ಗೆ ಇಳಿದಿದೆ. ಆದರೆ ದಾಟುಗಳು 8. ಒಟ್ಟು 34.8 ಮಿ.ಮೀ. ಚಕ್ರಗಳು ಒತ್ತೊತ್ತಾಗಿ ಕೂತರೂ ಸಾಲು ಅಗಲವಾಗಿದೆ. ಹಳೆಯ ಡಿರೈಲರಿನ ಎರಡೂ ತಡೆ ಸ್ಕ್ರೂಗಳನ್ನು ಪೂರ್ತಿ ಬಿಚ್ಚಿದರೂ ಅದರ ತೋಳು ಕೊನೆಯ ದೊಡ್ಡ ಚಕ್ರದವರೆಗೆ ಚಾಚಲಿಲ್ಲ. ಅದನ್ನು ಮಾಡಿದ್ದು ಅಷ್ಟು ಅಗಲಕ್ಕಲ್ಲ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟೆ.

ಹೊಸ ಡಿರೈಲರಿಗೆ ಒಂದು ಅಂಗಡಿಗೆ ಹೋದೆ. ಟಕ್ ಇಲ್ಲದ ಲಿವರಿಗೆ ಯಾವುದಾದರೂ ಆಗುತ್ತೆ ಅಂತ ಹೇಳಿ 10 ಗೇರಿನ ಮೌಂಟನ್ ಬೈಕಿನ ಡಿರೈಲರ್ ಕೊಟ್ಟರು. ನಾನೂ ನಂಬಿದೆ. ಕೂರಿಸಿ, ಕೇಬಲ್ ಕಟ್ಟಿ, ಪೆಡಲ್ ತಿರುಗಿಸುತ್ತಾ ಲಿವರು ಎಳೆದೆ. ಚೈನು ಸಲೀಸಾಗಿ ಒಂದೊಂದೇ ಚಕ್ರ ಹತ್ತಿತು. ಏಳನೆಯದಕ್ಕೆ ಬರುವಷ್ಟರಲ್ಲಿ ಲಿವರು ಹಿಂದಕ್ಕೆ ಬಂದು ಕೊಳವೆಗೇ ತಾಗಿ ನಿಂತಿತು. ಇನ್ನು ಎಳೆಯಲು ಜಾಗವೇ ಇಲ್ಲ. ಬೆಟ್ಟಕ್ಕೆ ಅಂತಲೇ ಹಾಕಿಸಿದ ಎರಡು ದೊಡ್ಡ ಚಕ್ರಗಳು ಸುಮ್ನೆ ಕೂತಿದ್ದವು.

ಡಿರೈಲರ್ ಕೆಟ್ಟಿರಲಿಲ್ಲ, ಲಿವರೂ ಕೆಟ್ಟಿರಲಿಲ್ಲ. ಇಬ್ಬರ ಲೆಕ್ಕ ಬೇರೆ ಬೇರೆ. ಆ ಲೆಕ್ಕವನ್ನು ನಾನು ಮೊದಲೇ ಮಾಡಬೇಕಿತ್ತು. ಹತ್ತು ನಿಮಿಷದ ಕೆಲಸ, ಒಂದು ಸ್ಕೇಲು ಮತ್ತು ಒಂದು ಚೂರು ಟೇಪು ಸಾಕು.

ಕೇಬಲನ್ನು ಡಿರೈಲರಿನಿಂದ ಬಿಚ್ಚಿ ತುದಿಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಲಿವರು ಪೂರ್ತಿ ಮುಂದಿತ್ತು. ಫ್ರೇಮಿನ ಕೆಳಗೆ ಬರಿಯ ಕೇಬಲ್ ಕಾಣುವ ಕಡೆ ಕರಿ ಇನ್ಸುಲೇಷನ್ ಟೇಪನ್ನು ಬೆರಳುಗುರಿನಷ್ಟು ಸುತ್ತಿದೆ. ಟೇಪಿನ ಅಂಚಿಗೆ ಸರಿಯಾಗಿ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಆಮೇಲೆ ಲಿವರನ್ನು ನಿಧಾನವಾಗಿ ಪೂರ್ತಿ ಹಿಂದಕ್ಕೆ ತಂದೆ. ಟೇಪು ಜರುಗಿತು. ಗೀಟಿನಿಂದ ಟೇಪಿಗೆ 23 ಮಿ.ಮೀ. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ಈ ಲಿವರು ಎಷ್ಟೇ ಎಳೆದರೂ ಕೊಡುವುದು 23 ಮಿ.ಮೀ. ಕೇಬಲ್. ಅದೇ ಅದರ ಬಂಡವಾಳ.

ಇನ್ನು ಡಿರೈಲರಿನ ಕಡೆ. ಪ್ರತಿ ಡಿರೈಲರಿಗೂ ಒಂದು ಅನುಪಾತ ಇದೆ. ಕೇಬಲ್ 1 ಮಿ.ಮೀ. ಎಳೆದರೆ ತೋಳು ಪಕ್ಕಕ್ಕೆ ಎಷ್ಟು ಸರಿಯುತ್ತದೆ ಅನ್ನುವುದು. ಶಿಮಾನೊದ 7, 8, 9 ಗೇರಿನ ಡಿರೈಲರುಗಳಲ್ಲಿ ಇದು ಸುಮಾರು 1.7. ರೋಡ್ ಸೈಕಲ್ಲಿನ 10 ಗೇರಿನಲ್ಲೂ ಬಹುಮಟ್ಟಿಗೆ ಅದೇ. ಆದರೆ 10 ಗೇರಿನ ಮೌಂಟನ್ ಡಿರೈಲರಿನಲ್ಲಿ ಸುಮಾರು 1.2 ಮಾತ್ರ. 11 ಗೇರಿನ ರೋಡಿನಲ್ಲಿ 1.4. ಕೇಬಲ್ ಜಾಸ್ತಿ ಎಳೆದು ತೋಳು ಕಮ್ಮಿ ಸರಿದರೆ ಕೊಳೆ, ಸಡಿಲ, ಸಣ್ಣಪುಟ್ಟ ತಪ್ಪು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹೊಸ ಲಿವರುಗಳಿಗೆ ಅದು ಒಳ್ಳೆಯದೇ. ನನ್ನ ಲಿವರಿಗೆ ಮಾತ್ರ ಅದು ಎಟುಕುವುದಿಲ್ಲ.

ಗುಣಿಸಿ ನೋಡಿ. 23ನ್ನು 1.2ರಿಂದ ಗುಣಿಸಿದರೆ 27.6 ಮಿ.ಮೀ. ಬೇಕಾದದ್ದು 34.8. 27.6ನ್ನು 4.35ರಿಂದ ಭಾಗಿಸಿದರೆ 6 ದಾಟು, ಮೇಲೆ ಚೂರು. 6 ದಾಟಿದರೆ ಏಳನೆಯ ಚಕ್ರ. ಲಿವರು ಸರಿಯಾಗಿ ಅಲ್ಲೇ ನಿಂತಿತ್ತು! ಕಾಗದದ ಮೇಲೆ ಆ 6 ಕಂಡಾಗ ನನಗೆ ಆದ ಸಮಾಧಾನ ಹೇಳತೀರದು. ಸಮಸ್ಯೆ ಬಗೆಹರಿದಿರಲಿಲ್ಲ, ಆದರೆ ಅರ್ಥ ಆಗಿತ್ತು. ಅದೇ 23ನ್ನು 1.7ರಿಂದ ಗುಣಿಸಿದರೆ 39 ಮಿ.ಮೀ. 34.8 ಕಳೆದು 4 ಮಿ.ಮೀ. ಉಳಿಯುತ್ತದೆ. ಶಿಮಾನೊದ 9 ಗೇರಿನ, ಉದ್ದ ಕಾಲಿನ ಮೌಂಟನ್ ಡಿರೈಲರ್ ತರಿಸಿದೆ. ಮೊದಲ ಎಳೆತಕ್ಕೇ ಒಂಬತ್ತೂ ಚಕ್ರ ಸಿಕ್ಕವು, ಲಿವರು ಕೊಳವೆಗೆ ತಾಗುವುದಕ್ಕೆ ಇನ್ನೂ ಸ್ವಲ್ಪ ಜಾಗ ಇತ್ತು.

ಇದೇ ಲೆಕ್ಕದಲ್ಲಿ ರೋಡಿನ 10ರ ಕ್ಯಾಸೆಟ್ಟೂ ನನ್ನ ಲಿವರಿಗೆ ಆಗುತ್ತದೆ. 9 ದಾಟು, ತಲಾ 3.95, ಒಟ್ಟು 35.5 ಮಿ.ಮೀ.; 1.7ರಿಂದ ಭಾಗಿಸಿದರೆ ಸುಮಾರು 21 ಮಿ.ಮೀ. ಕೇಬಲ್. ಅದೇ ಕ್ಯಾಸೆಟ್ಟಿಗೆ 11 ಗೇರಿನ ರೋಡ್ ಡಿರೈಲರ್ ಹಾಕಿದರೆ ಸುಮಾರು 25 ಮಿ.ಮೀ. ಬೇಕು, ಆಗುವುದಿಲ್ಲ. ಒಂದು ಎಚ್ಚರ: ಶಿಮಾನೊದ ಟಿಯಾಗ್ರಾ 4700 ಹೆಸರಿಗೆ 10 ಗೇರಿನದು, ಆದರೆ ಅದರ ಡಿರೈಲರು 11ರ ಲೆಕ್ಕದ್ದು. ಪೆಟ್ಟಿಗೆ ಮೇಲಿನ ಗೇರಿನ ಸಂಖ್ಯೆ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ಅನುಪಾತ ನೋಡಿ ಕೊಳ್ಳಿ.

ಫ್ರೇಮಿನ ಕೆಲಸ ಬೇರೆ ಇತ್ತು. ಹಳೆಯ ಹಿಂದಿನ ಚಕ್ರ ಕೂರುವ ಜಾಗ 126 ಮಿ.ಮೀ. ಅಗಲ, ಹೊಸ ಚಕ್ರದ ಹಬ್ಬು (ನಡುವಿನ ಭಾಗ) 130. ಸ್ಟೀಲ್ ಫ್ರೇಮಾದ್ದರಿಂದ ಅದರ ಹಿಂದಿನ ಎರಡೂ ಕಾಲನ್ನು ತಲಾ 2 ಮಿ.ಮೀ. ಅಗಲಿಸಬಹುದು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಈ ಕೆಲಸ ಮಾಡಲೇಬೇಡಿ, ಬಿರುಕು ಬಿಡುತ್ತದೆ. ಉದ್ದಕ್ಕೂ ತಿರುಪು ಇರುವ ಬೋಲ್ಟು, ಎರಡು ನಟ್ಟು ಇಟ್ಟು ನಿಧಾನವಾಗಿ ತೆರೆದೆ. ಸ್ಟೀಲು ಬಿಟ್ಟ ತಕ್ಷಣ ವಾಪಸ್ ಬರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ತೆರೆದು, ಬಿಟ್ಟು, ಅಳೆದು, ಮತ್ತೆ ತೆರೆಯಬೇಕು. ಆಮೇಲೆ ದಾರದ ಪರೀಕ್ಷೆ. ಒಂದು ಕಡೆಯ ಹಿಂದಿನ ತುದಿಯಿಂದ ದಾರ ಕಟ್ಟಿ, ಹ್ಯಾಂಡಲ್ ಕೊಳವೆಯ ಮುಂದೆ ಸುತ್ತಿ, ಇನ್ನೊಂದು ಕಡೆಯ ತುದಿಗೆ ತಂದೆ. ಸೀಟಿನ ಕೊಳವೆಯಿಂದ ದಾರಕ್ಕೆ ಎರಡೂ ಪಕ್ಕ ಒಂದೇ ದೂರ ಇರಬೇಕು. ಎಡಗಡೆ 1 ಮಿ.ಮೀ. ಜಾಸ್ತಿ ಬಂತು, ಸರಿ ಮಾಡಿದೆ. ಡಿರೈಲರ್ ನೇತಾಡುವ ಕಿವಿ ನೇರ ಇದೆಯಾ ಅಂತ ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ನೋಡಿಸಿದೆ. ಚಕ್ರ 27 ಇಂಚಿನಿಂದ ಈಗಿನ 700ಸಿ ಅನ್ನುವ ಅಳತೆಗೆ ಬಂದಾಗ ರಿಮ್ಮು 4 ಮಿ.ಮೀ. ಒಳಗೆ ಹೋಗುತ್ತದೆ. ಬ್ರೇಕ್ ರಬ್ಬರನ್ನು ಅಷ್ಟು ಕೆಳಗಿಳಿಸಿದೆ, ಸಾಕಾಯಿತು.

ಮುಂದಿನ 52 ಮತ್ತು 40 ಹಲ್ಲಿನ ಚಕ್ರಗಳೂ ಹೋದವು. ಅವುಗಳ ನಡುವಿನ ಸಂದು ಹಳೆಯ ದಪ್ಪ ಚೈನಿಗೆ ಮಾಡಿದ್ದು. 9 ಗೇರಿನ ಚೈನು ಹೊರಗಿನಿಂದ ಅಳೆದರೆ ಬರೀ 6.6 ಮಿ.ಮೀ. ದೊಡ್ಡದರಿಂದ ಇಳಿಯುವಾಗ ಸಂದಿನಲ್ಲಿ ಕೂತು ಹಲ್ಲು ಹಿಡಿಯದೆ ಜಾರುತ್ತಿತ್ತು. ಪೆಡಲ್ ತೋಳಿನಲ್ಲಿ ಚಕ್ರ ಕೂರಿಸುವ ಬೋಲ್ಟುಗಳ ವೃತ್ತ 110 ಮಿ.ಮೀ. ಇದ್ದದ್ದು ಅನುಕೂಲವಾಯಿತು, ಈಗಿನ 48 ಮತ್ತು 34ರ ಜೋಡಿ ಕೂತಿತು. ಮುಂದಿನ ಡಿರೈಲರನ್ನು 8 ಮಿ.ಮೀ. ಕೆಳಗಿಳಿಸಿದೆ.

ಈಗ ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಮಾತಿಗೆ ಬರುತ್ತೇನೆ. ಹಳೆಯ ಲಿವರು ಹೊಸ ಕ್ಯಾಸೆಟ್ಟಿನ ಜೊತೆ ಹೇಗೋ ಹೊಂದಿಕೊಂಡು ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅದು ತನ್ನ ಕಾಲದ ಫ್ರೀವ್ಹೀಲಿಗಿಂತ ಚೆನ್ನಾಗಿ ಇದರ ಜೊತೆ ಕೆಲಸ ಮಾಡುತ್ತದೆ.

ಯಾಕೆಂದರೆ ಹಳೆಯ ಫ್ರೀವ್ಹೀಲಿನ ಹಲ್ಲುಗಳು ಬೋಳು. ಚೈನು ದೊಡ್ಡ ಚಕ್ರಕ್ಕೆ ಹತ್ತಬೇಕಾದರೆ ಲಿವರನ್ನು ಬೇಕಾದ್ದಕ್ಕಿಂತ ಮುಂದೆ ಎಳೆದು, ಚೈನು ಹಲ್ಲಿಗೆ ಸಿಕ್ಕಿದ ಮೇಲೆ ಸ್ವಲ್ಪ ವಾಪಸ್ ಬಿಡಬೇಕಿತ್ತು. ಈ 'ಎಳೆದು ಬಿಡು' ಕಲಿಯಲು ತಿಂಗಳುಗಟ್ಟಲೆ ಬೇಕು ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಈಗಿನ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಚಕ್ರದ ಪಕ್ಕೆಯಲ್ಲಿ ಓರೆಯಾಗಿ ಕೊರೆದ ಹಾದಿಗಳಿವೆ. ಕೆಲವು ಹಲ್ಲು ಮೋಟು, ಕೆಲವು ಒಂದು ಕಡೆ ತಿರುಚಿದಂತಿವೆ. ಚೈನು ಹತ್ತಿರ ಬಂದರೆ ಆ ಹಾದಿಯೇ ಅದನ್ನು ಎತ್ತಿ ಕೂರಿಸುತ್ತದೆ. ಡಿರೈಲರಿನ ಮೇಲಿನ ಪುಟ್ಟ ಗಾಲಿಯನ್ನು ಬೆರಳಲ್ಲಿ ಅಲ್ಲಾಡಿಸಿ, ಪಕ್ಕಕ್ಕೆ ಸ್ವಲ್ಪ ಆಡುತ್ತದೆ. ಹಾಳಾಗಿ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಲಿವರು ಕೂದಲೆಳೆಯಷ್ಟು ಆಚೀಚೆ ನಿಂತರೆ ಆ ಗಾಲಿ ತಾನೇ ಸರಿದು ಚಕ್ರದ ನೇರಕ್ಕೆ ಬರುತ್ತದೆ. ಟಕ್ ಅನ್ನುವ ಲಿವರಿಗಾಗಿ ಮಾಡಿದ ಈ ಎರಡೂ ಅನುಕೂಲ ಟಕ್ ಇಲ್ಲದ ಲಿವರಿಗೂ ಪುಕ್ಕಟೆ ಸಿಕ್ಕಿತು.

ಡಿರೈಲರಿನಲ್ಲಿ ಇನ್ನೊಂದು ಸಂಗತಿ ಇದೆ. ಅದರ ತೋಳು ಓರೆಯಾಗಿ ಸರಿದು, ಸಣ್ಣ ಚಕ್ರದಿಂದ ದೊಡ್ಡದಕ್ಕೆ ಹೋಗುವಾಗ ಚಕ್ರದ ಅಂಚಿನಿಂದ ಒಂದೇ ದೂರ ಕಾಯ್ದುಕೊಳ್ಳುತ್ತದೆ. ಈಗಿನ ಡಿರೈಲರುಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಈ ಓರೆ ತೋಳನ್ನು 1964ರಲ್ಲಿ ತಂದದ್ದು ಸನ್‌ಟೂರ್. 1984ರಲ್ಲಿ ಪೇಟೆಂಟ್ ಮುಗಿಯಿತು. ಆಮೇಲೆ ಶಿಮಾನೊ ಅದನ್ನು ತನ್ನ ಡಿರೈಲರಿಗೆ ತಂದುಕೊಂಡು, ಟಕ್ ಲಿವರಿನ ಜೊತೆ ಸೇರಿಸಿತು. ನನ್ನ ಹೊಸ ಶಿಮಾನೊ ಡಿರೈಲರು ಚಿಕ್ಕಪ್ಪನ ಸನ್‌ಟೂರ್ ಲಿವರಿಗೆ ಅಷ್ಟೇನೂ ದೂರದ ನೆಂಟ ಅಲ್ಲ.

ಮೊದಲ ಸಲ ಬೆಟ್ಟಕ್ಕೆ ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ, ತಾವರೆಕಟ್ಟೆ ಕಡೆಯಿಂದ. ಮೊದಲ ತಿರುವು ದಾಟಿ ಸೀಟಿನಿಂದ ಎದ್ದು ತುಳಿದೆ. ಒಂದು, ಎರಡು, ಮೂರು ತುಳಿತ. ನಾಲ್ಕನೆಯದಕ್ಕೆ ಚೈನು ಕಟಾರ್ ಅಂತ ಸಣ್ಣ ಚಕ್ರಕ್ಕೆ ಬಿತ್ತು. ಪೆಡಲ್ ಕಲ್ಲಿನ ಹಾಗೆ ಭಾರವಾಯಿತು. ಕೆಳಗೆ ನೋಡಿದರೆ ಲಿವರು ತಾನಾಗಿ ಮುಂದೆ ಸರಿದಿತ್ತು. ಮತ್ತೆ ಎಳೆದೆ, ಮತ್ತೆ ಸರಿಯಿತು. ಇಳಿದು, ತಳ್ಳಿಕೊಂಡು ವಾಪಸ್ ಬಂದೆ.

ತಪ್ಪು ನನ್ನದು. ಲಿವರು ಬಿಚ್ಚಿ ತೊಳೆದಾಗ, ಚೆನ್ನಾಗಿರಲಿ ಅಂತ ಒಳಗಿನ ಎಲ್ಲ ವಾಷರಿಗೂ ಗ್ರೀಸ್ ಹಚ್ಚಿದ್ದೆ. ಹಿಡಿದಿಡಬೇಕಾದ ವಾಷರಿಗೇ ಗ್ರೀಸ್ ಹಚ್ಚಿದರೆ ಅದು ಏನನ್ನು ಹಿಡಿಯುತ್ತದೆ? ಎದ್ದು ತುಳಿದಾಗ ಫ್ರೇಮು ಚೂರು ತಿರುಚುತ್ತದೆ, ಕೇಬಲ್ ಜಗ್ಗುತ್ತದೆ, ಲಿವರು ಜಾರುತ್ತದೆ. ಮತ್ತೆ ಬಿಚ್ಚಿದೆ. ಬಿಚ್ಚುವಾಗ ಒಂದೊಂದು ವಾಷರನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದುಕೊಂಡೆ, ಒಂದರ ಜಾಗಕ್ಕೆ ಇನ್ನೊಂದು ಹೋದರೆ ಕೆಲಸ ಕೆಡುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದೆ. ರ‍್ಯಾಚೆಟ್ಟಿನ ಪುಟ್ಟ ಹಲ್ಲಿಗೆ ಮಾತ್ರ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್. ಹೊರಗಿನ ಸ್ಕ್ರೂವಿಗೆ ಬೆರಳಲ್ಲಿ ತಿರುಗಿಸುವ ಬಳೆ ಇದೆ, ಅದನ್ನು ಬಿಗಿ ಮಾಡಿದೆ. ಅದೇ ಹೊತ್ತಿಗೆ ಹಿಂದಿನ ಡಿರೈಲರಿಗೆ ಹೋಗುವ ಗಿಡ್ಡ ಕವಚವನ್ನೂ ಬದಲಾಯಿಸಿದೆ. ಹಳೆಯದು ಸುರುಳಿ ಸುತ್ತಿದ ಬ್ರೇಕಿನ ಕವಚ, ಎಳೆದರೆ ಕುಗ್ಗುತ್ತದೆ. ಈಗಿನ ಗೇರ್ ಕವಚದ ಒಳಗೆ ತಂತಿಗಳು ಉದ್ದಕ್ಕೆ ಇರುತ್ತವೆ, ಕುಗ್ಗುವುದಿಲ್ಲ. ಲಿವರು ಬೆರಳಿಗೆ ಕೊಡುವ ಉತ್ತರವೇ ಬೇರೆ ಆಯಿತು.

ಮುಂದಿನ ಭಾನುವಾರ ಎಲ್ಲೂ ಜಾರಲಿಲ್ಲ. ಮೊದಲು ಇದ್ದ ಅತಿ ಹಗುರ ಗೇರು ಮುಂದೆ 40, ಹಿಂದೆ 28. ಈಗ 34 ಮತ್ತು 32. ಕಾಲಿಗೆ ಕಾಲು ಭಾಗ ಹಗುರ. ತಿರುವು ಕಂಡ ಕೂಡಲೇ, ಏರು ಬರುವ ಮೊದಲೇ ಕೈ ಕೆಳಗೆ ಹೋಗಬೇಕು. ತುಳಿತವನ್ನು ಒಂದು ಸುತ್ತು ಹಗುರ ಮಾಡಬೇಕು. ಹೆಬ್ಬೆರಳು ಆ ಸವೆದ ಜಾಗಕ್ಕೆ ತಾನಾಗಿ ಹೋಗಿ ಕೂರುತ್ತದೆ. ಎಳೆದರೆ ಚರ್ ಅಂತ ಸದ್ದು, ಆಮೇಲೆ ಚೈನು ಹತ್ತಿದ್ದು ಪಾದಕ್ಕೆ ಗೊತ್ತಾಗುತ್ತದೆ. ಇನ್ನೂ ಕಿರಿಕಿರಿ ಕೇಳುತ್ತಿದ್ದರೆ ಲಿವರನ್ನು ಉಗುರಿನಷ್ಟು ಮುಂದೋ ಹಿಂದೋ ಸರಿಸಿದರೆ ನಿಶ್ಶಬ್ದ. 9ರಲ್ಲಿ ಒಂದು ಗೇರಿಗೆ ಲಿವರು ಸುಮಾರು 18 ಡಿಗ್ರಿ ತಿರುಗಬೇಕು. 8ರ ಕ್ಯಾಸೆಟ್ಟಾದರೆ 20, ರೋಡಿನ 10ಕ್ಕೆ 16. ಅಂತರ ಇಷ್ಟೇ. ಆದರೂ ಹೊಸದಾಗಿ ಮಾಡಿಸುವವರಿಗೆ 8 ಅಥವಾ 9 ಸಾಕು ಅಂತ ನನ್ನ ಅಭಿಪ್ರಾಯ. 10ರಲ್ಲಿ ತಪ್ಪಿಗೆ ಜಾಗ ತೀರಾ ಕಮ್ಮಿ.

ಒಂದು ವಿಷಯ ಮುಚ್ಚಿಡುವುದಿಲ್ಲ. ಗೇರು ಬದಲಾಯಿಸುವಾಗ ಒಂದು ಕೈ ಹ್ಯಾಂಡಲ್ ಬಿಡಲೇಬೇಕು. ಬೆಟ್ಟದ ರಸ್ತೆಗೆ, ಊರಾಚೆಯ ರಸ್ತೆಗೆ ಪರವಾಗಿಲ್ಲ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ದಿನಾ ಆಫೀಸಿಗೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅಂಥವರು ಇದೇ ಬಗೆಯ ಲಿವರನ್ನು ಹ್ಯಾಂಡಲ್ಲಿನ ತುದಿಗೆ ಕೂರಿಸಿಕೊಳ್ಳಬಹುದು, ಅದಕ್ಕೆ ಬೇಕಾದ ಅಡಿಪಟ್ಟಿ ಸಿಗುತ್ತದೆ.

ಹೋದ ತಿಂಗಳು ಚಿಕ್ಕಪ್ಪ ಮನೆಗೆ ಬಂದಿದ್ದರು. ಸೈಕಲ್ಲನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ. ಹಿಂದಿನ ಚಕ್ರ ನೋಡಿದರು, ಕ್ಯಾಸೆಟ್ಟಿನ ಹಲ್ಲು ಎಣಿಸಿದರು, ಏನೂ ಹೇಳದೆ ಹತ್ತಿ ನಮ್ಮ ಬೀದಿಯಲ್ಲಿ ಎರಡು ಸುತ್ತು ಹಾಕಿದರು. ಲಿವರಿನ ಕಡೆ ಒಮ್ಮೆಯೂ ಕಣ್ಣು ಹೋಗಲಿಲ್ಲ. ಗೇರು ಬಿದ್ದ ಸದ್ದು ಮಾತ್ರ ನನಗೆ ಗೇಟಿನವರೆಗೆ ಕೇಳಿಸಿತು. ಇಳಿದು, ಬಲಗಡೆ ಲಿವರನ್ನು ಹಿಂದೆ ಮುಂದೆ ಆಡಿಸಿ ಹೇಳಿದರು: "ಬಿಗಿ ಜಾಸ್ತಿ ಆಯ್ತು. ಕಾಲು ಸುತ್ತು ಸಡಿಲ ಮಾಡು." ಅಲ್ಲೇ ಕೂತು ಬಳೆಯನ್ನು ಕಾಲು ಸುತ್ತು ಸಡಿಲ ಮಾಡಿದೆ. ಮರುದಿನ ಬೆಟ್ಟದಲ್ಲಿ ಎದ್ದು ತುಳಿದೆ, ಜಾರಲಿಲ್ಲ.